ಉಪವಾಸದ ಕೌದಿಗಳು

ಕಲಂಗುಟ್‌ನ ಹೋಟೆಲಿನವರು ಕೌದಿಗಳನ್ನು ವಾಪಸು ಕಳಿಸಿದ ದಿನ ಅಖ್ತರಬಾನುವಿನ ಮೊಣಕಾಲು ಮತ್ತೆ ನೋಯತೊಡಗಿತು. ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತು ಗೋವಾದವರ ಎಷ್ಟೋ ಮಹಡಿಗಳನ್ನು ಏರಿಳಿದ ಮೊಣಕಾಲು ಅದು. ಕೌದಿ ಸಂಘ ಶುರುವಾದ ಮೇಲೆ ನೆಲದ ಮೇಲೆ ಚಾಚಿಕೊಂಡು ಸುಖವಾಗಿತ್ತು. ಸಂಘ ಮುಳುಗಿದರೆ ಮತ್ತೆ ಬುಟ್ಟಿಯೇ ಗತಿ ಎಂಬುದು ಅವಳಿಗಿಂತ ಮೊದಲು ಅದಕ್ಕೇ ತಿಳಿದಂತಿತ್ತು.

ಸಂಘ ಕಟ್ಟಿಸಿದ್ದು ಪಣಜಿಯ ಒಂದು ಸೇವಾಸಂಸ್ಥೆ. ದಾನ ಕೊಡುವುದು ಬೇಡ, ಹೆಂಗಸರು ವ್ಯಾಪಾರ ಮಾಡಲಿ, ಲಾಭವನ್ನು ಅವರೇ ಹಂಚಿಕೊಳ್ಳಲಿ ಎಂಬುದು ಅವರ ವಿಚಾರ. ಅದರಂತೆ ವಿಜಾಪುರದ ಕಡೆಯಿಂದ ಕೂಲಿಗೆ ಬಂದ ಹೆಂಗಸರು ದರ್ಜಿ ಅಂಗಡಿಗಳ ತುಂಡು ಬಟ್ಟೆ ಕೂಡಿಸಿ ಕೌದಿ ಹೊಲಿದರು. ಹೋಟೆಲಿನವರು ಅವನ್ನು ಫಾರಿನ್ನವರ ಹಾಸಿಗೆಗೆ ಹಾಸಿದರು. ಅಖ್ತರಬಾನು ಸಂಘದ ಅಧ್ಯಕ್ಷೆಯಾದಳು, ಅಂದರೆ ಎಲ್ಲರ ಬೈಗುಳ ತಿನ್ನುವ ಹಕ್ಕು ಪಡೆದಳು.

ಆದರೆ ಹೊಟ್ಟೆ ತುಂಬಿಸದೆ ಕೌದಿಯ ಕೊನೆಯ ಮೂಲೆ ಮುಚ್ಚುವ ಹೆಂಗಸು ಅವರ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಒಂದು ಚೂರು ರೊಟ್ಟಿ ಒಳಗಿಟ್ಟೇ ಮೂಲೆ ಹೊಲಿಯಬೇಕು. ಕೌದಿ ಹಸಿದರೆ ಹೊದ್ದವರ ಮನೆಗೆ ಹಸಿವು ಹೊಗುತ್ತದೆ, ಹೊಲಿದವಳನ್ನಂತೂ ಬಿಡುವುದೇ ಇಲ್ಲ. ಊರಿನ ಒಣ ಹವೆಯಲ್ಲಿ ಆ ರೊಟ್ಟಿ ತನ್ನ ಪಾಡಿಗೆ ತಾನು ಇರುತ್ತಿತ್ತು. ಗೋವಾದ ಮಳೆಗಾಲದಲ್ಲಿ ಮಾತ್ರ ಅದರ ವಾಸನೆ ಹಿಡಿದು ಇರುವೆಗಳು ಮೆರವಣಿಗೆ ಹೊರಟವು. ಲಂಡನ್ನಿನ ದೊರೆಸಾನಿಯೊಬ್ಬಳು ಕಿರುಚಿಕೊಂಡು ಅಂಗಳಕ್ಕೆ ಓಡಿ ಬಂದಳಂತೆ. ಇನ್ನೊಮ್ಮೆ ಹೀಗಾದರೆ ಸಂಬಂಧ ಮುಗಿಯಿತು ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿ ಕಳಿಸಿದ.

ಹೆಂಗಸರು ರೊಟ್ಟಿ ಇಡುವುದಿಲ್ಲ ಎಂದು ಆಣೆ ಮಾಡಿದರು. ಆಣೆಯನ್ನೂ ಉಳಿಸಿಕೊಂಡರು. ಹೊಸ ಕೌದಿಗಳೆಲ್ಲ ತಯಾರಾದವು, ಆದರೆ ಪ್ರತಿಯೊಂದರ ಕೊನೆಯ ಮೂಲೆ ಬಾಯಿ ತೆರೆದುಕೊಂಡೇ ಉಳಿಯಿತು.

"ಮುಚ್ಚವಾ ಮುಮ್ತಾಜ," ಅಂದಳು ಅಖ್ತರಬಾನು.

"ನಾ ಒಲ್ಲೇರಿ ಆಪಾ. ಹೊಟ್ಟ್ಯಾಗ ಕೂಸೈತಿ. ದೇವಿಬಾಯಿಗೆ ಹೇಳ್ರಿ."

"ನನಗ ಕಣ್ಣ ಮಂಜಾಗ್ಯಾವ," ಅಂದಳು ಲಮಾಣಿ ತಾಂಡಾದ ಮುದುಕಿ ದೇವಿಬಾಯಿ. ನಿನ್ನೆಯಷ್ಟೇ ರಸ್ತೆಯ ಆಚೆ ಬದಿಯಿಂದಲೇ ಮೀನಿನವಳ ಬುಟ್ಟಿಯಲ್ಲಿ ಹಳಸಿದ ಬಂಗುಡೆ ಗುರುತಿಸಿದ ಕಣ್ಣುಗಳವು.

ಎಲ್ಲರಿಗೂ ಛೀಮಾರಿ ಹಾಕಿ ಅಖ್ತರಬಾನು ತಾನೇ ಸೂಜಿ ಹಿಡಿದಳು. ಬಟ್ಟೆಯ ಹತ್ತಿರ ಒಯ್ದಳು. ದಾರ ಗಂಟಾಗಿದೆ ಎಂದು ನೆಪ ಹೇಳಿ ಕೆಳಗಿಟ್ಟಳು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಸಂಸ್ಥೆಯವರು ಲೋಕಪ್ಪನನ್ನು ಕಳಿಸಿದರು. ಧಾರವಾಡದಲ್ಲಿ ಮನಶ್ಶಾಸ್ತ್ರದ ಎಂ.ಎ. ಮಾಡಿ ಪಣಜಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸಾಧು ಮನುಷ್ಯ. ಅವನು ಹೆಂಗಸರನ್ನು ಸುತ್ತಲೂ ಕೂರಿಸಿ, ಕಣ್ಣು ಮುಚ್ಚಿ ಮನಸ್ಸಿನಲ್ಲಿ ಏಳುವ ಭಯವನ್ನು ನೋಡಿರಿ ಎಂದ. ಮುಮ್ತಾಜ ಅಳತೊಡಗಿದಳು, ದೇವಿಬಾಯಿ ಗೊರಕೆ ಹೊಡೆದಳು. ಆಮೇಲೆ ಅವನು ಚೀಟಿಯಲ್ಲಿ 'ಊಟ' ಎಂದು ಬರೆದು, ರೊಟ್ಟಿಯ ಬದಲು ಇದನ್ನು ಒಳಗಿಡಿ ಎಂದ.

"ಮಳಿ ಬಂದ್ರ ಛತ್ರಿ ಅಂತ ಬರದ ಚೀಟಿ ಹಿಡಕೊಂಡು ಅಡ್ಡ್ಯಾಡ್ತೀರೇನ್ರಿ ಸರ?" ಎಂದು ದೇವಿಬಾಯಿ ಕೇಳಿದಳು. ಲೋಕಪ್ಪ ಚೀಟಿಯನ್ನು ಜೇಬಿಗೆ ಸೇರಿಸಿದ.

ಪಾಪ, ಬಂದವನಿಗೆ ಊಟವಾದರೂ ಆಗಲಿ ಎಂದು ಅಖ್ತರಬಾನು ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ಅವನು ಕೈ ಅಡ್ಡ ಹಿಡಿದ.

"ಬ್ಯಾಡ್ರಿ ಅಕ್ಕಾರ. ಇವತ್ತ ಸೋಮವಾರ, ಉಪವಾಸ."

"ಮುಂಜಾನಿಂದ ಮಾತಾಡಾಕತ್ತೀರಿ. ಹಸಿವಿ ಆಗಿಲ್ಲೇನ್ರಿ?"

"ಹಸಿವಿ ಬ್ಯಾರೆ, ಉಪವಾಸ ಬ್ಯಾರೆ ಅಲ್ರೀ? ತಿನ್ನಾಕ ಇಲ್ಲದಾವಂದು ಹಸಿವಿ. ಒಲ್ಲೆ ಅಂದಾವಂದು..." ಅಲ್ಲಿಗೇ ಲೋಕಪ್ಪ ನಿಂತುಬಿಟ್ಟ. ಕಣ್ಣುಗಳು ಕೌದಿಗಳ ರಾಶಿಯ ಮೇಲೆ ನೆಟ್ಟವು. "ಅಕ್ಕಾರ, ಈ ಕೌದಿಗೋಳಿಗೆ ಉಪವಾಸ ಹಿಡಸ್ರಿ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದರಲ್ಲಿ ತಪ್ಪು ಹುಡುಕಲು ಎಲ್ಲರೂ ಪ್ರಯತ್ನಪಟ್ಟರು, ಸಿಗಲಿಲ್ಲ. ಅಖ್ತರಬಾನುವಿಗೆ ಮಾತ್ರ ಒಂದು ಸಿಕ್ಕಿತು.

"ರೋಜಾ ಹಿಡದ ಮ್ಯಾಲೆ ಬಿಡಬೇಕಲ್ರೀ. ಅಲ್ಲಿ ಬಿಡಸಾವ್ರು ಯಾರು?"

"ಹೋದ ಮನಿಯವ್ರು ಬಿಡಸ್ತಾರ. ಅದು ಅವ್ರ ಧರ್ಮ."

ಮನಸ್ಸು ಹೇಗೆ ಕೆಲಸ ಮಾಡುತ್ತದೋ, ಅರ್ಧ ತಾಸಿನಲ್ಲಿ ಸೂಜಿಗಳು ಓಡತೊಡಗಿದವು. ಮುಮ್ತಾಜ ತನ್ನ ಕೌದಿಗಳಿಗೆ ರೋಜಾ ಹಿಡಿಸಿದಳು, ದೇವಿಬಾಯಿ ತನ್ನವಕ್ಕೆ ಸೋಮವಾರ ಹಿಡಿಸಿದಳು. ಇಬ್ಬರೂ ಸೇರಿ ಹೊಲಿದ ಒಂದರ ಮೇಲೆ ಜಗಳ ಹತ್ತಿ, ಕೊನೆಗೆ ಆ ಬಡಪಾಯಿಗೆ ಎರಡನ್ನೂ ಹಿಡಿಸಿದರು.

ಹೋಟೆಲಿನಲ್ಲಿ ಮ್ಯಾನೇಜರ್ ಕತ್ತರಿ ತಂದು ಒಂದು ಮೂಲೆ ಬಿಚ್ಚಿ ನೋಡಿದ. ಒಳಗೆ ಏನೂ ಇರಲಿಲ್ಲ. ಒಂದು ವಾರ ಹಾಸಿ ನೋಡುತ್ತೇನೆ, ಆಮೇಲೆ ಬನ್ನಿ ಎಂದ.

ಆ ವಾರವಿಡೀ ಅಖ್ತರಬಾನುವಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮನೆಯವರು ಬಿಡಿಸುತ್ತಾರೆ ಅಂದಿದ್ದ ಲೋಕಪ್ಪ. ಹೋಟೆಲು ಯಾರ ಮನೆ? ಇವತ್ತು ಬಂದವರು ನಾಳೆ ಇರುವುದಿಲ್ಲ. ದಿನಗಟ್ಟಲೆ ಬಿಡದ ಉಪವಾಸ ಹಸಿವಲ್ಲದೆ ಮತ್ತೇನು? ಗಂಡ ಮಲಂಗಸಾಬ, "ಕೌದಿ ಅಲ್ಲೇನಽ ಅದು? ಬರೇ ತುಂಡು ಅರಿವಿ!" ಎಂದು ನಕ್ಕದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ವಾರ ಕಳೆದ ಮೇಲೆ ಲೋಕಪ್ಪನ ಜೊತೆ ಹೋದಳು. ಮ್ಯಾನೇಜರ್ ಖುಷಿಯಲ್ಲಿದ್ದ. ಒಂದೂ ಇರುವೆ ಇಲ್ಲ, ಇನ್ನು ಎಲ್ಲ ಕೋಣೆಗಳಿಗೂ ನಿಮ್ಮದೇ ಕೌದಿ ಎನ್ನುತ್ತ ಪಡಸಾಲೆಯಲ್ಲಿ ಮುಂದೆ ಮುಂದೆ ನಡೆದ. ಒಂದು ಕೋಣೆಯ ಬಾಗಿಲು ತೆರೆದಿತ್ತು. ಬಿಳಿಕೂದಲಿನ ಫಾರಿನ್ ಅಜ್ಜಿಯೊಬ್ಬಳು ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪಾವು ತಿನ್ನುತ್ತಿದ್ದಳು. ಕೌದಿಯ ತುಂಬ ಪಾವಿನ ಪುಡಿ ಉದುರಿತ್ತು.

ಮ್ಯಾನೇಜರ್ ಹೌಹಾರಿ, ಮೇಡಂ, ಹಾಸಿಗೆಯ ಮೇಲೆ ತಿನ್ನಬೇಡಿ ಎಂದು ಕೈಮುಗಿಯುತ್ತ ಒಳಗೆ ನುಗ್ಗಿದ. ಅಖ್ತರಬಾನು ಅವನ ತೋಳು ಹಿಡಿದು ಎಳೆದಳು.

"ತಿನ್ನಲಿ ಬಿಡ್ರಿ! ಖಾಂವ್ದೀ, ಬಾಬ್, ಖಾಂವ್ದೀ!"

ಮ್ಯಾನೇಜರ್ ಇರುವೆಗಳು ಬರುತ್ತವಲ್ಲ ಎಂದು ತಡವರಿಸಿದ. ದಿನಾ ನಾನೇ ಬಂದು ಝಾಡಿಸುತ್ತೇನೆ, ಆದರೆ ತಿನ್ನುವವರನ್ನು ಎಬ್ಬಿಸಬೇಡ ಎಂದು ಅವಳು ಮುರುಕು ಕೊಂಕಣಿಯಲ್ಲಿ ಅಂಗಲಾಚಿದಳು. ಕೈಗೆ ಬಂದ ಕೆಲಸ ಹೋದರೂ ಹೋಗಲಿ ಎಂಬಷ್ಟು ಹಟ ಅವಳ ದನಿಯಲ್ಲಿತ್ತು. ಲೋಕಪ್ಪ ಗಡಬಡಿಸಿ, ಹಾಸಿಗೆಯ ಮೇಲೆ ಕೂತು ತಿನ್ನುವವರಿಗೆ ಹೋಟೆಲು ಮನೆಯಂತೆ ಅನ್ನಿಸುತ್ತದೆ, ಅಂಥವರು ಮರುವರ್ಷವೂ ಇಲ್ಲಿಗೇ ಬರುತ್ತಾರೆ, ಇದು ಮನಶ್ಶಾಸ್ತ್ರ ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಮ್ಯಾನೇಜರ್ ಗಲ್ಲ ಕೆರೆದುಕೊಂಡು, ಆಗಲಿ ಎಂದ. ಆರ್ಡರು ಉಳಿಯಿತು.

ಫಾರಿನ್ ಅಜ್ಜಿಗೆ ಈ ಗದ್ದಲದಲ್ಲಿ ತಿಳಿದದ್ದು ಒಂದೇ, ಈ ಹೆಂಗಸಿಗೆ ಭಾಳ ಹಸಿವಾಗಿದೆ. ಅವಳು ಉಳಿದ ಅರ್ಧ ಪಾವನ್ನು ಮುಂದೆ ಚಾಚಿದಳು. ಅಖ್ತರಬಾನು ಎರಡೂ ಕೈಯಿಂದ ಅದನ್ನು ತೆಗೆದುಕೊಂಡು ಅಲ್ಲೇ ಹಾಸಿಗೆಯ ಅಂಚಿಗೆ ಕೂತಳು. ಒಂದು ತುತ್ತು ಒಳಗೆ ಹೋದ ಮೇಲೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ, ಪುರುಸೊತ್ತಿರಲಿಲ್ಲ, ಅಷ್ಟು ಹಸಿದಿದ್ದಳು.