ಎರಡಿಂಚು ಹೆಚ್ಚಾದ ಹಲಗೆ

ನಮ್ಮ ಮನೆಯಲ್ಲಿರುವುದು ಒಂದು ಹಾಲ್, ಒಂದು ಅಡುಗೆಮನೆ, ಒಂದು ಬಚ್ಚಲು. ಮಲಗುವ ಕೋಣೆ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಗಂಡ, "ಕತ್ತಲಾದ ಮೇಲೆ ಬನ್ನಿ, ಹಾಸಿ ತೋರಿಸ್ತೀನಿ" ಅನ್ನುತ್ತಾರೆ. ಅವರು ಬಸ್ ಕಂಡಕ್ಟರ್. ನಲವತ್ತು ಜನ ಕೂರುವ ಬಸ್ಸಿಗೆ ಎಂಬತ್ತು ಜನರನ್ನು ತುಂಬಿಸಿದ ಕೈ. ಜಾಗ ಸಾಲದು ಎಂಬ ಮಾತೇ ಅವರ ಕಿವಿಗೆ ಬೀಳುವುದಿಲ್ಲ.

ಸೋಮವಾರ ಸಂಜೆ ನಾನು ಹೊಲಿಗೆ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ದೊಡ್ಡವಳು ಬಾಗಿಲಲ್ಲೇ ನಿಂತಿದ್ದಳು. ಹದಿಮೂರು ವರ್ಷ. ಕೈಯಲ್ಲಿ ಅವಳ ವಿಜ್ಞಾನದ ಪುಸ್ತಕ. ಅವಳು ಎರಡು ವಾರ ಕೂತು ಬರೆದಿದ್ದ ಹೃದಯದ ಚಿತ್ರಕ್ಕೆ ಐದು ವರ್ಷದ ನಮ್ಮ ಚಿಕ್ಕವಳು ಮೀಸೆ ಬರೆದಿದ್ದಳು.

"ನಾನು ಚಿಕ್ಕಮ್ಮನ ಮನೇಗೆ ಹೋಗ್ತೀನಿ," ಅಂದಳು.

"ಹೋಗು. ಎಷ್ಟು ದಿನ?"

"ದಿನ ಅಲ್ಲ. ಪೂರ್ತಿ."

ನನ್ನ ತಂಗಿಗೆ ಫೋನ್ ಮಾಡಿದೆ. ಅವಳೇನೂ ಕೆಟ್ಟವಳಲ್ಲ. "ಅವಳೇ ಕೇಳಿದ್ಲು ಅಕ್ಕಾ. ಬಟ್ಟೆ ಬದಲಾಯಿಸೋಕೂ ಬಚ್ಚಲಿಗೆ ಓಡ್ಬೇಕು, ಓದೋಕೆ ಮೆಟ್ಟಿಲ ಮೇಲೆ ಕೂರ್ಬೇಕು ಅಂದ್ಲು. ನಮ್ಮನೇಲಿ ಒಂದು ರೂಮು ಸುಮ್ನೆ ಬಿದ್ದಿದೆ. ಭಾನುವಾರ ಬಂದು ಕರ್ಕೊಂಡು ಹೋಗ್ಲಾ?"

ಬೇಡ ಅನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಹೂಂ ಅನ್ನಲು ನಾಲಿಗೆ ಹೊರಳಲಿಲ್ಲ. ಫೋನ್ ಇಟ್ಟು ಮಗಳಿಗೆ ಹೇಳಿದೆ: "ಭಾನುವಾರದೊಳಗೆ ನಿನಗೊಂದು ಕೋಣೆ ಮಾಡಿಕೊಡ್ತೀನಿ. ಆಮೇಲೂ ಹೋಗ್ಬೇಕು ಅನ್ನಿಸಿದ್ರೆ ಹೋಗು, ನಾನು ತಡೆಯಲ್ಲ."

"ಎಲ್ಲಿ ಮಾಡ್ತೀಯ? ಆಕಾಶದಲ್ಲಾ?"

"ಆ ಮೂಲೇಲಿ."

ಹಾಲಿನ ಕೊನೆಗೆ ಗೋಡೆ ಒಳಸರಿದು ಐದಡಿ ಅಗಲದ ಒಂದು ಸಂದು ಇದೆ. ನೀರಿನ ಡ್ರಮ್ಮು, ಮುರಿದ ಸ್ಟೂಲು, ಒಂದಲ್ಲ ಒಂದು ದಿನ ಬೇಕಾದೀತು ಎಂದು ನಾನು ಕೂಡಿಟ್ಟ ಚಿಂದಿ ಬಟ್ಟೆಯ ಚೀಲಗಳು ಅಲ್ಲಿದ್ದವು. ಅವಳು ಅತ್ತ ನೋಡಿ, "ನೋಡೋಣ," ಎಂದು ಪುಸ್ತಕ ಹಿಡಿದು ಮೆಟ್ಟಿಲಿಗೆ ಹೋದಳು.

ಚೀಲಗಳ ಹಣೆಬರಹಕ್ಕೆ ಆ ಒಂದು ದಿನ ಬಂದೇಬಿಟ್ಟಿತು. ನಮ್ಮ ಅಂಗಡಿಯಲ್ಲಿ ಹೊಲಿಯುವುದು ಬರೀ ಶಾಲೆಯ ಸಮವಸ್ತ್ರ. ಬೂದಿ, ನೀಲಿ, ಚೌಕುಳಿ ತುಂಡುಗಳನ್ನು ಜೋಡಿಸಿ ಮೂರು ಸಂಜೆಯಲ್ಲಿ ನೆಲ ಮುಟ್ಟುವ ಪರದೆ ಹೊಲಿದೆ. ಸೊಂಟ ಬಿದ್ದುಹೋಯಿತು. ದೊಡ್ಡವಳು ಬಂದು ನೋಡಿ, "ನಾಲ್ಕು ಶಾಲೆಯವರು ಸೇರಿ ಸಾಲಾಗಿ ನಿಂತ ಹಾಗಿದೆ," ಅಂದಳು. ಕಣ್ಣಿನ ಮೂಲೆಯಲ್ಲಿ ನಗು ಇತ್ತೋ ಇಲ್ಲವೋ, ಸರಿಯಾಗಿ ಕಾಣಲಿಲ್ಲ.

ದೀಪದ ಕೆಲಸ ಗಂಡನದು. ಹಾಲಿನ ಪುಡಿಯ ಖಾಲಿ ಡಬ್ಬಿಗೆ ಒದ್ದೆ ಮರಳು ಗಿಡಿದು ಸುತ್ತಲೂ ಮೊಳೆಯಿಂದ ತೂತು ಹೊಡೆದರು. ಮರಳಿದ್ದರೆ ಡಬ್ಬಿ ನಜ್ಜುಗುಜ್ಜಾಗುವುದಿಲ್ಲ. ಮರಳು ತೆಗೆದು ಒಳಗೆ ಬಲ್ಬು ಇಟ್ಟು ಹಚ್ಚಿದಾಗ ಗೋಡೆಯ ತುಂಬ ಚುಕ್ಕಿ ಚುಕ್ಕಿ ಬೆಳಕು. "ನೋಡೇ, ಟಿಕೆಟ್ ತೂತು ಮಾಡಿ ಮಾಡಿ ಪಳಗಿದ ಕೈ ಇದು!" ಎಂದು ಬೀಗಿದರು.

ಇನ್ನು ಬೇಕಾದದ್ದು ಓದುವ ಮೇಜು. ಗುಜರಿ ಅಂಗಡಿಯಲ್ಲಿ ಹಳೆಯ ಬೀರುವಿನ ಉದ್ದನೆಯ ಬಾಗಿಲೊಂದು ಸಿಕ್ಕಿತು. ಸಂದಿನ ಈ ಗೋಡೆಯಿಂದ ಆ ಗೋಡೆಗೆ ಅದನ್ನು ಅಡ್ಡ ಕೂರಿಸಿದರೆ ಮೇಜಾಯಿತು. ನಾನೇ ಟೇಪು ಹಿಡಿದು ಅಳೆದು ಚೀಟಿ ಬರೆದು ಬಡಗಿಗೆ ಕೊಟ್ಟೆ. ಆತ ಕೊಯ್ದು ಕಳಿಸಿದ. ಗಂಡ ಹಿಂದಿನ ಗೋಡೆಗೆ ಕಬ್ಬಿಣದ ಮೂರು ಬ್ರಾಕೆಟ್ಟು ಬಡಿದರು. ಶನಿವಾರ ಸಂಜೆ ಇಬ್ಬರೂ ಹಲಗೆ ಎತ್ತಿ ಕೂರಿಸಲು ಹೋದರೆ ಅದು ಒಳಗೇ ಹೋಗಲೊಲ್ಲದು.

"ಸ್ವಲ್ಪ ಒಳಗೆ ಹೋಗಿ, ಜಾಗ ಇದೆ," ಎಂದು ಗಂಡ ಅಭ್ಯಾಸಬಲದಿಂದ ಹಲಗೆಗೇ ಹೇಳಿದರು.

ಟೇಪು ಹಿಡಿದೆ. ಸಂದು ಅರವತ್ತು ಇಂಚು. ಹಲಗೆ ಅರವತ್ತೆರಡು. ಸಿಟ್ಟು ನೆತ್ತಿಗೇರಿ ಬಡಗಿಗೆ ಫೋನ್ ಮಾಡಿದೆ.

"ಅಮ್ಮಾ, ಚೀಟಿ ನನ್ನ ಮುಂದೇನೇ ಇದೆ. ಅರವತ್ತೆರಡು ಅಂತ ನೀವೇ ಬರ್ದಿದೀರಿ. ಅದಕ್ಕಿಂತ ಒಂದು ನೂಲು ಹೆಚ್ಚುಕಮ್ಮಿ ಇದ್ರೆ ಹೇಳಿ, ಇವತ್ತೇ ಗರಗಸ ಕೆಳಗಿಡ್ತೀನಿ."

ಆಗ ಹೊಳೆಯಿತು. ಇಪ್ಪತ್ತು ವರ್ಷದಿಂದ ನಾನು ಯಾವ ಅಳತೆ ಬರೆದರೂ ಎರಡು ಬದಿಗೆ ಒಂದೊಂದು ಇಂಚು ಸೇರಿಸಿಯೇ ಬರೆಯುತ್ತೇನೆ. ಹೊಲಿಗೆಯ ಒಳಗೆ ಅಷ್ಟು ಬಟ್ಟೆ ಇರಬೇಕು, ಮಗು ಮೈ ತುಂಬಿಕೊಂಡರೆ ಬಿಚ್ಚಿ ಸಡಿಲಿಸಬೇಕು. ತಲೆಯನ್ನು ಕೇಳದೆ ಕೈ ಬರೆದುಬಿಡುತ್ತದೆ.

ಗಂಡ ನೆಲದ ಮೇಲೆ ಕೂತು ನಕ್ಕರು. "ಅಲ್ವೇ, ಈ ಹಲಗೆ ಮುಂದಿನ ವರ್ಷ ದಪ್ಪ ಆಗುತ್ತೆ ಅಂದ್ಕೊಂಡ್ಯಾ?"

"ನಗಬೇಡಿ ರೀ. ಬಡಗಿ ಸೋಮವಾರದ ತನಕ ಅಂಗಡಿ ತೆಗೆಯಲ್ವಂತೆ."

ನಗು ನಿಂತಿತು. ಅವರು ಅಡುಗೆಮನೆಯಿಂದ ಬ್ರೆಡ್ಡು ಕೊಯ್ಯುವ ಚಾಕು ತಂದು ಹಲಗೆಯ ತುದಿಗೆ ತಿಕ್ಕಿದರು. ಕಾಲು ಗಂಟೆಯಲ್ಲಿ ಹಲಗೆಗೆ ಒಂದು ಗೀರು ಬಿತ್ತು, ಚಾಕುವಿನ ಹಲ್ಲು ಉದುರಿತು. ಬಾಗಿಲ ಬಳಿ ದೊಡ್ಡವಳ ಬ್ಯಾಗು ತುಂಬಿ ನಿಂತಿತ್ತು. ನನಗೆ ಅದನ್ನು ನೋಡಲು ಆಗಲಿಲ್ಲ, ನೋಡದಿರಲೂ ಆಗಲಿಲ್ಲ.

ಅಷ್ಟು ಹೊತ್ತೂ ಪುಸ್ತಕದಲ್ಲಿ ಮುಖ ಹುದುಗಿಸಿ ಕಾಲು ಕುಣಿಸುತ್ತಿದ್ದ ದೊಡ್ಡವಳು ತಲೆ ಎತ್ತಿದಳು. "ಹಲಗೆ ಸಣ್ಣದಾಗಲ್ಲ ಅಂದ್ರೆ ಗೋಡೇನ ಕೆರೀರಿ."

"ಗೋಡೆಗೇನು ಹೊಲಿಗೆ ಇರುತ್ತಾ, ಬಿಚ್ಚೋಕೆ?"

"ಮೇಲೆ ಗಾರೆ ಇರುತ್ತಲ್ಲಮ್ಮ. ಎಷ್ಟು ದಪ್ಪ ಇದೆ ಅಂತ ನೋಡೋದಪ್ಪ." ಎದ್ದು ಬಂದು ಬಲಗಡೆಯ ಗೋಡೆಯನ್ನು ಗೆಣ್ಣಿನಿಂದ ತಟ್ಟಿದಳು. ಕಲ್ಲಿನ ಸದ್ದು. ಎಡಗಡೆ ತಟ್ಟಿದಳು. ಡಬ್ ಡಬ್.

ಚಿಕ್ಕವಳು ಓಡಿಬಂದು ತಾನೂ ತಟ್ಟಿದಳು. ಡಬ್ ಡಬ್.

"ಅಪ್ಪಾ, ಒಳಗೆ ಏನೋ ಇದೆ," ಅಂದಳು ದೊಡ್ಡವಳು. ಆ ದನಿ ಕೇಳಿ ಎಷ್ಟು ತಿಂಗಳಾಗಿತ್ತೋ.

"ಏನಾದ್ರೂ ಇರ್ಲಿ, ಮುಟ್ಟಬೇಡಿ. ಬಾಡಿಗೆ ಮನೆ," ಎಂದು ನಾನು ಮಾಲೀಕರನ್ನು ಕರೆಯಲು ಕೆಳಗಿಳಿದೆ. ಆಕೆ ನಿವೃತ್ತ ನರ್ಸು. ಎಲ್ಲರಿಗೂ ನರ್ಸಮ್ಮ. ಗೋಡೆಗೆ ಮೊಳೆ ಹೊಡೆದರೆ ತನ್ನ ಮೈಗೇ ಚುಚ್ಚಿದಂತೆ ಆಡುವವರು. ಆ ಮೂರು ಬ್ರಾಕೆಟ್ಟಿಗೂ ಎರಡು ದಿನ ಬೇಡಿಕೊಂಡಿದ್ದೆವು. ಟಾರ್ಚು ಹಿಡಿದು ಏದುಸಿರು ಬಿಡುತ್ತ ಬಂದರು. ಗೋಡೆಗೆ ಕಿವಿ ಹಚ್ಚಿ ಎರಡು ಬೆರಳಲ್ಲಿ ಅಲ್ಲಲ್ಲಿ ಬಡಿದು ನೋಡಿದರು. ಜೋರಾಗಿ ಉಸಿರು ಎಳ್ಕೋ ಎಂದು ಗೋಡೆಗೆ ಹೇಳುವುದೊಂದು ಬಾಕಿ.

"ಒಡೀರಿ," ಅಂದರು.

"ಅಯ್ಯೋ, ಗೋಡೆ ನಿಮ್ದು..."

"ಅದಕ್ಕೇ ಹೇಳ್ತಿರೋದು. ಈ ಮನೆ ಕೊಂಡು ಇಪ್ಪತ್ತು ವರ್ಷ ಆಯ್ತು. ನನ್ನ ಮನೇಲಿ ನನಗೇ ಗೊತ್ತಿಲ್ಲದ್ದು ಒಂದಿದೆ ಅಂದ್ರೆ ನನಗೆ ನಿದ್ದೆ ಬರುತ್ತಾ?"

ಒಳಗೇನಿರಬಹುದು ಎಂದು ಪಂಥ ನಡೆಯಿತು. ಗಂಡ ಚಿನ್ನ ಅಂದರು. ನರ್ಸಮ್ಮ ಹಲ್ಲಿಮೊಟ್ಟೆ ಅಂದರು. ಚಿಕ್ಕವಳು ಬೆಕ್ಕು ಅಂದಳು. ದೊಡ್ಡವಳು, "ಇನ್ನೊಂದು ಗೋಡೆ," ಎಂದು ತಾನೇ ಸುತ್ತಿಗೆ ತೆಗೆದುಕೊಂಡಳು.

ಗಾರೆ ಹೋಳು ಹೋಳಾಗಿ ಬಿತ್ತು. ಅದರ ಹಿಂದೆ ತುಕ್ಕು ಹಿಡಿದ ತಗಡು. ತಗಡು ಕಿತ್ತರೆ ಒಂದು ಗೂಡು. ಮೊಳಕೈಯಷ್ಟು ಆಳ, ನಮ್ಮ ಹಲಗೆಯ ಅಗಲಕ್ಕಿಂತ ಒಂದು ಗೇಣು ಹೆಚ್ಚು ಅಗಲ. ನರ್ಸಮ್ಮ ಟಾರ್ಚು ಬಿಟ್ಟರು. ಧೂಳು, ಜೇಡರ ಬಲೆ, ಮತ್ತೊಂದು ಕರಣೆ. ಗಾರೆ ಮೆತ್ತುವವರ ಕೈಯಲ್ಲಿರುತ್ತದಲ್ಲ, ಮರದ ಹಿಡಿಯ ಚಪ್ಪಟೆ ಕರಣೆ, ಅದೇ.

"ಪಾಪ, ಮೇಸ್ತ್ರಿ ಮರೆತು ಒಳಗೇ ಬಿಟ್ಟಿದಾನೆ. ಎಷ್ಟು ದಿನ ಹುಡುಕಿದ್ನೋ!" ಅಂದರು ಗಂಡ.

ದೊಡ್ಡವಳು ಕರಣೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಕರಣೆ ಒಳಗಡೆ ಇದ್ರೆ ಹೊರಗಡೆ ಗಾರೆ ಹೇಗೆ ಮೆತ್ತಿದ?"

ಗಂಡ ಗೂಡಿನೊಳಗೆ ತಲೆ ಹಾಕಿ ನೋಡಿದರು.

"ಒಳಗೆ ನಿಂತು ಮೆತ್ತಿರ್ಬೇಕು," ಅಂದರು ಗಂಡ.

ಚಿಕ್ಕವಳು ನನ್ನ ಬೆನ್ನ ಹಿಂದೆ ಸರಿದಳು. "ಹಾಗಾದ್ರೆ ಮೇಸ್ತ್ರಿ ಎಲ್ಲಿ?"

"ಸುಮ್ನಿರ್ರೀ, ಮಗು ಹೆದರುತ್ತೆ," ಎಂದು ನರ್ಸಮ್ಮ ಗದರಿದರು. "ಇಬ್ರು ಮೇಸ್ತ್ರಿಗಳಿದ್ರು. ಒಬ್ಬನ್ನ ಕಂಡ್ರೆ ಒಬ್ಬನಿಗೆ ಆಗ್ತಿರ್ಲಿಲ್ಲ. ಇವನು ಊಟಕ್ಕೆ ಹೋದಾಗ ಅವನು ಇವನ ಕರಣೆ ಒಳಗಿಟ್ಟು ಮುಚ್ಚಿದ. ಆಸ್ಪತ್ರೇಲಿ ನಾನು ಇಂಥದ್ದು ಬೇಕಾದಷ್ಟು ನೋಡಿದೀನಿ."

ದೊಡ್ಡವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾನೇ ಗೂಡು ಗುಡಿಸಿ ಒರೆಸಿದಳು. ಹಲಗೆಯ ಎಡತುದಿಯನ್ನು ಗೂಡಿನೊಳಗೆ ತಳ್ಳಿ ಬಲತುದಿಯನ್ನು ಇಳಿಸಿದೆವು. ಗಕ್ಕನೆ ಬ್ರಾಕೆಟ್ಟಿನ ಮೇಲೆ ಕೂತಿತು. ನನ್ನ ಎರಡಿಂಚು ಗೋಡೆಯೊಳಗೆ ಸೇರಿಕೊಂಡಿತು, ಹಲಗೆಯ ಮೇಲೆ ಉಳಿದ ಗೂಡು ಪುಸ್ತಕಕ್ಕಾಯಿತು. ನರ್ಸಮ್ಮ ಕರಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇದು ನನ್ನ ಗೋಡೆದು," ಎಂದು ಇಳಿದುಹೋದರು.

ದೊಡ್ಡವಳು ನಾಲ್ಕು ಪುಸ್ತಕ ತಂದು ಗೂಡಿನಲ್ಲಿಟ್ಟಳು. ಮತ್ತೆ ತೆಗೆದಳು. ಇರುತ್ತೀಯಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಬ್ಯಾಗು ಬಾಗಿಲ ಬಳಿಯೇ ಇತ್ತು.

ಭಾನುವಾರ ಬೆಳಿಗ್ಗೆ ಗಂಡ ಒಂದು ಡಬ್ಬಿ ಬಣ್ಣ ತಂದರು. ಯಾರೋ ಗಿರಾಕಿ ಬೆರೆಸಲು ಹೇಳಿ, ನೋಡಿ, ಬೇಡವೆಂದು ಬಿಟ್ಟುಹೋದದ್ದಂತೆ. ಅಂಗಡಿಯವನು ಅರ್ಧಕ್ಕರ್ಧ ಬೆಲೆಗೆ ಕೊಟ್ಟಿದ್ದ. ಮುಚ್ಚಳ ತೆಗೆದರೆ ಹಸಿರೋ ನೀಲಿಯೋ ಹೇಳಲು ಬಾರದ ಬಣ್ಣ.

"ಕೊಳದ ನೀರು," ಅಂದೆ ನಾನು.

"ನಮ್ಮ ಡಿಪೋದ ಬಸ್ಸು," ಅಂದರು ಗಂಡ.

"ಇಬ್ರೂ ಹೊರಗೆ ನಡೀರಿ," ಎಂದು ದೊಡ್ಡವಳು ಬ್ರಷ್ಷು ಕಿತ್ತುಕೊಂಡು ಪರದೆ ಎಳೆದಳು. ಹನ್ನೊಂದಕ್ಕೆಲ್ಲ ಬಳಿದು ಮುಗಿಸಿ, ಸಂದಿನ ಬಾಯಿಯ ಹೊರ ಅಂಚಿಗೂ ಒಂದು ಪಟ್ಟಿ ಎಳೆದು, ಊಟ ಮಾಡಿ ಮತ್ತೆ ಒಳಗೆ ಹೋದಳು. ಡಬ್ಬಿ ದೀಪ ಹತ್ತಿತು. ಪರದೆಯ ಹೊಲಿಗೆಗಳ ನಡುವೆ ಚುಕ್ಕಿ ಚುಕ್ಕಿ ಬೆಳಕು ಕಂಡಿತು. ಒಳಗೆ ಏನೋ ಸರಿಸುವ ಸದ್ದು, ನಡುನಡುವೆ ಗುನುಗು. ಇಣುಕಿ ನೋಡಬೇಕೆಂದು ನನ್ನ ಕಾಲು ಎರಡು ಸಲ ಅತ್ತ ಹೋಯಿತು. ಎರಡು ಸಲವೂ ನಾನೇ ಅದನ್ನು ಹಿಂದಕ್ಕೆ ಕರೆದೆ.

ನಾಲ್ಕು ಗಂಟೆಗೆ ತಂಗಿ ಬಂದಳು. ಬಾಗಿಲ ಬಳಿಯ ಬ್ಯಾಗು ನೋಡಿ, "ಓ, ತಯಾರಾಗೇ ಇದಾಳೆ!" ಎಂದು ಅದನ್ನು ಹೆಗಲಿಗೇರಿಸಿದಳು. ಮರುಗಳಿಗೆಗೆ ಇಳಿಸಿದಳು. "ಏನಕ್ಕಾ ಇದು, ಖಾಲಿ ಇದೆ?"

ನನಗೆ ಗೊತ್ತಿರಲಿಲ್ಲ. ಅದು ಯಾವಾಗ ಖಾಲಿಯಾಯಿತೋ.

ತಂಗಿ ಪರದೆಯ ಮುಂದೆ ನಿಂತು, "ಲೇ, ಚಿಕ್ಕಮ್ಮ ಬಂದಿದೀನಿ ಕಣೇ. ಹೊರಡೋಣ್ವಾ?" ಎಂದು ಪರದೆಗೆ ಕೈ ಹಾಕಿದಳು.

"ಚಿಕ್ಕಮ್ಮಾ, ಒಳಗೆ ಬರಬೇಡಿ!" ಒಳಗಿಂದ ಧ್ವನಿ ಬಂತು. "ಬಣ್ಣ ಇನ್ನೂ ಒಣಗಿಲ್ಲ. ಬಿಟ್ಟು ಬರೋಕಾಗಲ್ಲ."

"ಒಣಗೋಕೆ ಎಷ್ಟು ದಿನ ಬೇಕೇ?"

ಒಳಗೆ ಪುಸ್ತಕ ಇಟ್ಟ ಸದ್ದು. "ತುಂಬಾ ದಿನ ಬೇಕಾಗುತ್ತೆ ಅನ್ಸುತ್ತೆ."

ತಂಗಿ ನನ್ನ ಮುಖ ನೋಡಿದಳು. ನಾನು ಸೀಲಿಂಗು ನೋಡಿದೆ. ಆಗ ನಮ್ಮ ಚಿಕ್ಕವಳು ಹೊರ ಅಂಚಿನ ಬಣ್ಣದ ಪಟ್ಟಿಯ ಮೇಲೆ ಬೆರಳು ಒತ್ತಿ, ಆ ಬೆರಳನ್ನು ಎಲ್ಲರಿಗೂ ಎತ್ತಿ ತೋರಿಸಿದಳು. ಚೂರೂ ಬಣ್ಣ ಹತ್ತಿರಲಿಲ್ಲ.

"ಸುಳ್ಳು! ಒಣಗ್..."

ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದು, ಬಾಚಿ ಎತ್ತಿಕೊಂಡು, ತಂಗಿಗೆ ಚಹಾ ಮಾಡಲು ಅಡುಗೆಮನೆಗೆ ನಡೆದೆ.