ಕುಕ್ಕರನ ಅರ್ಧ ಪ್ರಾರ್ಥನೆ

ಹೊಲಿಗೆ ಮಿಷನ್ ರಿಪೇರಿ ಮಾಡುವ ಆ ಹುಡುಗನನ್ನು ಬೀದಿಯವರೆಲ್ಲ ಕುಕ್ಕರ್ ಎನ್ನುತ್ತಿದ್ದರು. ಎದುರಿಗಲ್ಲ. ಎದುರಿಗೆ ಅಂದವರಿಗೆ ಆ ಹೆಸರು ಯಾಕೆ ಬಂತೆಂದು ತಕ್ಷಣವೇ ಗೊತ್ತಾಗುತ್ತಿತ್ತು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಮೇಷ್ಟ್ರು ಲೆಕ್ಕ ತಪ್ಪು ಮಾಡಿದರೆಂದು ಜಗಳ ತೆಗೆದು ಬ್ಯಾಗು ಬಿಸಾಕಿ ಬಂದಿದ್ದ. ಲೆಕ್ಕ ಸರಿಯಾಗಿಯೇ ಇತ್ತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಜಗಳ ಎಷ್ಟು ಚೆನ್ನಾಗಿ ಆಗಿತ್ತೆಂದರೆ ವಾಪಸು ಹೋಗಲು ಮುಖವಿರಲಿಲ್ಲ.

ಆದರೆ ಮಿಷನ್ ಎಂದರೆ ಅವನಿಗೆ ಪ್ರಾಣ. ಬಿಚ್ಚಿದ ಸ್ಕ್ರೂಗಳನ್ನು ಹಳೇ ಬನಿಯನ್ನಿನ ಮೇಲೆ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದ. ಚಕ್ರ ತಿರುಗಿಸಿ ಕಿವಿಗೊಟ್ಟರೆ ಸಾಕು, ರೋಗ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದ. ತಿಳಿಯದೆ ಕೈ ಹಾಕುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿ. ಅವತ್ತೊಬ್ಬ ಗಿರಾಕಿ ಮೊಬೈಲ್ ನೋಡಿಕೊಂಡು ಮಿಷನ್ ತಾನೇ ಬಿಚ್ಚಿ, ಜೋಡಿಸಿ, ಮಿಕ್ಕ ಸ್ಕ್ರೂಗಳನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ.

"ಅರ್ಥ ಆಗ್ದೇ ಇರೋದಕ್ಕೆ ಕೈ ಯಾಕ್ರೀ ಹಾಕ್ತೀರಾ? ಇದೇನು ಬಾಯಿಪಾಠನಾ?"

ಗಿರಾಕಿ ಮಿಷನ್ ಅಲ್ಲೇ ಬಿಟ್ಟು ಜಾಗ ಖಾಲಿ ಮಾಡಿದ. ಮೂಲೆಯಲ್ಲಿ ಲಂಗದ ಅಂಚು ಹೊಲಿಯುತ್ತಿದ್ದ ತಂಗಿ ದಾರವನ್ನು ಹಲ್ಲಿನಲ್ಲಿ ಕಡಿದಳು. ಮುಂದಿನ ತಿಂಗಳು ಅದೇ ಬೀದಿಯಲ್ಲಿ ಅವಳದೇ ಟೈಲರ್ ಅಂಗಡಿ ಶುರುವಾಗುವುದಿತ್ತು.

"ಅಣ್ಣಾ, ನನ್ನ ಅಂಗಡೀಲಿ ಮೊದಲ ದಿನ ಮಂದಿರದ ಪ್ರಾರ್ಥನೆ ನೀನೇ ತಾನೇ ಹೇಳೋದು?"

"ಮತ್ತಿನ್ಯಾರು? ನಿಮ್ಮ ದೊಡ್ಡಣ್ಣನಾ?"

"ಅದರ ಅರ್ಥ ಗೊತ್ತಾ ನಿಂಗೆ?"

ಕುಕ್ಕರ್ ಬಾಯಿ ತೆರೆದ. ಸೀಟಿ ಬರಲಿಲ್ಲ.

"ಈಗ್ತಾನೇ ಅಂದ್ಯಲ್ಲ, ಅರ್ಥ ಆಗ್ದೇ ಇರೋದಕ್ಕೆ ಕೈ ಹಾಕ್ಬಾರ್ದು ಅಂತ. ನನ್ನ ಅಂಗಡೀಲಿ ಅರ್ಥ ಹೇಳಿ ಪ್ರಾರ್ಥನೆ ಮಾಡು. ಆಗಲ್ಲ ಅಂದ್ರೆ ದೊಡ್ಡಣ್ಣಂಗೇ ಹೇಳ್ತೀನಿ."

ದೊಡ್ಡಣ್ಣ! ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಸುತ್ತುವ ಆ ಮೆದು ಮನುಷ್ಯ ಪ್ರಾರ್ಥನೆಯನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ. ಕುಕ್ಕರನೋ, ಗಂಟಲು ಹರಿಯುವಂತೆ ಕೂಗುವವನು. ನಡುವೆ ಒಂದು ಸಾಲು ಬಂದರಂತೂ ಮುಷ್ಟಿ ಎತ್ತಿ ಗರ್ಜಿಸುತ್ತಿದ್ದ. ಶತ್ರುಗಳನ್ನು ಪುಡಿಗುಟ್ಟುವ ಸಾಲು ಅದೆಂದು ತಾನೇ ತೀರ್ಮಾನಿಸಿಬಿಟ್ಟಿದ್ದ. ಒಮ್ಮೆ ತುಂಬಿದ ಮಂದಿರದಲ್ಲಿ, "ಏನಣ್ಣಾ, ದೇವರ ಕಿವೀಲಿ ಗುಟ್ಟು ಹೇಳ್ತಿದೀಯಾ?" ಎಂದು ಕೇಳಿದ್ದ. ಜನ ನಕ್ಕರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಈಗ ಅದೇ ಅಣ್ಣನಿಗೆ ಜಾಗ ಬಿಟ್ಟುಕೊಡುವುದೆಂದರೆ ಸುತ್ತಿಗೆಯಿಂದ ತನ್ನ ಬೆರಳು ತಾನೇ ಜಜ್ಜಿಕೊಂಡಂತೆ.

ಪ್ರಾರ್ಥನೆಯಿದ್ದ ಹಳೇ ಭಾಷೆ ಬಲ್ಲ ಅಜ್ಜನೊಬ್ಬ ಮಂದಿರದ ಹಿಂದಿನ ಕೋಣೆಯಲ್ಲಿದ್ದ. ಕಿವಿ ಮಾತ್ರ ಪೂರ್ತಿ ಮಂದ. ಕುಕ್ಕರ್ ಅಲ್ಲಿಗೆ ಹೋಗಿ, ಅತ್ತಿತ್ತ ನೋಡಿ, ಬಾಗಿ, ವಿಷಯ ಮೆಲ್ಲಗೆ ಹೇಳಿದ.

"ಜೋರಾಗಿ ಹೇಳಪ್ಪಾ."

"ಪ್ರಾರ್ಥನೆ ಅರ್ಥ ಗೊತ್ತಿಲ್ಲ!"

"ಯಾರಿಗೆ?"

"ನಂಗೆ ಅಜ್ಜಾ! ನಂಗೇ ಗೊತ್ತಿಲ್ಲ!"

ಎದುರಿನ ಹಣ್ಣಿನಂಗಡಿಯವನ ತಕ್ಕಡಿ ತೂಗುತ್ತಿದ್ದದ್ದು ಹಾಗೇ ನಿಂತಿತು. ಊರಿಗೆಲ್ಲ ದೇವರನ್ನು ಕೂಗಿ ಹೇಳಿದವನು ಈಗ ತನ್ನ ದಡ್ಡತನವನ್ನೂ ಕೂಗಿ ಹೇಳಿದಂತಾಯಿತು.

"ಒಂದು ವಾರದಲ್ಲಿ ಕಲಿಸಿಬಿಡಿ" ಎಂದು ಅದೇ ದನಿಯಲ್ಲಿ ಕೂಗಿದ.

"ಮಿಷನ್ ಎಷ್ಟು ದಿನದಲ್ಲಿ ಕಲ್ತೆ?"

"ಅದು ಇನ್ನೂ ಕಲೀತಾನೇ ಇದೀನಿ."

"ಪರವಾಗಿಲ್ಲ. ದೇವರು ಮಿಷನ್‌ಗಿಂತ ಸುಲಭ ಅಂದ್ಕೊಂಡಿದೀಯ" ಎಂದು ಅಜ್ಜ ಬೊಚ್ಚುಬಾಯಿ ತುಂಬ ನಕ್ಕ.

ಸಿಟ್ಟು ನೆತ್ತಿಗೇರಿತು, ಆದರೂ ಕೂತ. ಅಜ್ಜ ಪದಗಳನ್ನು ಒಂದೊಂದಾಗಿ ಬಿಚ್ಚಿ, ಕ್ರಮ ತಪ್ಪದೆ ಸಾಲಾಗಿ ಇಟ್ಟ. ಅರೆ, ಇದು ತನ್ನ ಬನಿಯನ್ ಬಟ್ಟೆಯ ಕೆಲಸವೇ! ಈ ಪದ ಮೇಲಿನ ಸಾಲಿನಲ್ಲೂ ಇದೆಯಲ್ಲ, ಇಲ್ಲಿ ಮತ್ತೆ ಯಾಕೆ? ಇದನ್ನು ತೆಗೆದರೆ ಯಾವುದು ಸಡಿಲವಾಗುತ್ತದೆ? ಕೇಳಿ ಕೇಳಿ ಅಜ್ಜನ ತಲೆ ತಿಂದ. ಅಂಗಡಿಯಲ್ಲಿ ಎಣ್ಣೆ ಬಿಡುತ್ತ ಒಂದೇ ಪದ ಗುನುಗುತ್ತ ಕೂತು, ಡಬ್ಬಿಯ ಎಣ್ಣೆಯೆಲ್ಲ ಗಿರಾಕಿಯ ಬಟ್ಟೆಗೇ ಸುರಿದ.

ಅರ್ಧ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮುಷ್ಟಿಯ ಸಾಲು ಬಂತು. ಅಜ್ಜ ಅರ್ಥ ಬಿಡಿಸಿದ: "ಸ್ವಾಮಿ, ಮೊದಲು ನನ್ನ ಬಾಯಿ ಮುಚ್ಚಿಸು."

ಕುಕ್ಕರ್ ಇನ್ನೊಮ್ಮೆ ಕೇಳಿದ. ಅರ್ಥ ಬದಲಾಗಲಿಲ್ಲ. ಹಲ್ಲು ಮೂಡಿದಂದಿನಿಂದ ಮುಷ್ಟಿ ಎತ್ತಿ, ಕುತ್ತಿಗೆಯ ನರ ಉಬ್ಬಿಸಿ, ಇಡೀ ಮಂದಿರ ಅದುರುವಂತೆ ಕೂಗಿದ್ದು ಇದನ್ನೇ. ದೇವರು ನಗು ತಡೆದುಕೊಳ್ಳಲು ಎಷ್ಟು ಕಷ್ಟಪಟ್ಟಿರಬೇಕು!

ಅಂಗಡಿ ಶುರುವಾಗುವ ದಿನ ದೊಡ್ಡಣ್ಣನೂ ಬಂದು ಬಾಗಿಲ ಹತ್ತಿರ ನಿಂತ. ಕುಕ್ಕರ್ ಒಂದೊಂದು ಸಾಲು ಹೇಳಿ, ಅರ್ಥ ಹೇಳಿ, ಆ ಸಾಲಿಗೆ ಬಂದ. ಅಭ್ಯಾಸಬಲದಿಂದ ಮುಷ್ಟಿ ಮೇಲೆದ್ದಿತು. ಎಲ್ಲಿಡುವುದೆಂದು ತಿಳಿಯದೆ ಅದರಲ್ಲೇ ಕಿವಿ ಕೆರೆದುಕೊಂಡ. ಸಾಲನ್ನು ಮೆಲ್ಲಗೆ ಹೇಳಿದ, ಅರ್ಥವನ್ನು ಇನ್ನೂ ಮೆಲ್ಲಗೆ.

"ನಂಗೆ ಗೊತ್ತಿರೋದು ಇಷ್ಟೇ. ಮುಂದಿನದು ಕಲ್ತಿಲ್ಲ, ಹೇಳಲ್ಲ."

ಬಾಗಿಲ ಕಡೆಯಿಂದ ದನಿ ಬಂತು: "ಏನೋ, ದೇವರ ಕಿವೀಲಿ ಗುಟ್ಟು ಹೇಳ್ತಿದೀಯಾ?"

ತಂಗಿ ಕಣ್ಣು ಮುಚ್ಚಿಕೊಂಡಳು. ಕುಕ್ಕರನ ಒಳಗೆ ಹಬೆ ತುಂಬಿತು. ನಾಲಿಗೆಯ ತುದಿಯಲ್ಲಿ ಉತ್ತರವೂ ತಯಾರಿತ್ತು, ಒಳ್ಳೇ ಖಾರದ್ದು. ಬಾಯಿ ತೆರೆದ. ಮುಚ್ಚಿದ. ಅಷ್ಟು ವರ್ಷ ಕೂಗಿ ಕೇಳಿದಾಗ ಒಮ್ಮೆಯೂ ಆಗದ್ದು ಪಿಸುಗುಟ್ಟಿದ ತಕ್ಷಣ ಆಗಿಬಿಟ್ಟಿತು.

"ಹೂಂ ಅಣ್ಣಾ" ಎಂದ ಕಡೆಗೆ. "ಮುಂದಿನದು ನಿಂಗೊತ್ತಿದ್ರೆ ನೀನೇ ಹೇಳಿ ಮುಗ್ಸು."

ದೊಡ್ಡಣ್ಣ ಹತ್ತಿರ ಬಂದ. ಅತ್ತಿತ್ತ ನೋಡಿದ. "ನಂಗೂ ಗೊತ್ತಿಲ್ಲ ಕಣೋ. ಪದಗಳೂ ಸರಿಯಾಗಿ ಬರಲ್ಲ. ತಪ್ಪಾದ್ರೆ ಯಾರಿಗೂ ಕೇಳ್ಬಾರ್ದು ಅಂತಾನೇ ಅಷ್ಟು ಮೆಲ್ಲಗೆ ಹೇಳ್ತಿದ್ದಿದ್ದು."

ತಂಗಿ ಪೆಡಲ್ ಒತ್ತಿ, ಮಿಷನ್ ಸದ್ದಿನಲ್ಲಿ ತನ್ನ ನಗು ಮುಚ್ಚಿಕೊಂಡಳು.

"ಹಾಗಾದ್ರೆ ನಾಳೆ ನನ್ನ ಜೊತೆ ಅಜ್ಜನ ಹತ್ರ ಬಾ" ಎಂದ ಕುಕ್ಕರ್. "ಆದ್ರೆ ಅಲ್ಲಿ ನಿನ್ನ ಪಿಸುಪಿಸು ನಡೆಯಲ್ಲ."

ಮರುದಿನ ಸಂಜೆ ಹಣ್ಣಿನಂಗಡಿಯವನ ತಕ್ಕಡಿ ಮತ್ತೆ ನಿಂತಿತು.