ಆಂಟಿ ಆಕ್ಸಿಡೆಂಟ್

"ಮಾತ್ರೆ ಏನಾದ್ರೂ ತಗೋತಿದೀರಾ?" ಟ್ರೆಡ್‌ಮಿಲ್‌ನ ವೇಗ ಏರಿಸುತ್ತಲೇ ಡಾಕ್ಟರಮ್ಮ ಕೇಳಿದರು.

"ಮನೆಯವರು ತಂದ ಆ ಡಬ್ಬಿ ಹಾಗೇ ಇದೆ. ಮುಚ್ಚಳ ತೆಗೆದಿಲ್ಲ," ಎಂದಳು ಅವಳು, ಏದುಸಿರಿನ ನಡುವೆ.

ಕಾಲ ಕೆಳಗಿನ ಪಟ್ಟಿ ಏರುದಾರಿಯ ಹಾಗೆ ತಲೆಯೆತ್ತಿತು. ಹೋದ ವರ್ಷದ ಡ್ರೈವರುಗಳ ತಪಾಸಣೆಯಲ್ಲಿ ಇಷ್ಟರಲ್ಲೇ ಜೀವ ಬಾಯಿಗೆ ಬಂದಂತಾಗಿ ಕೈ ಎತ್ತಿಬಿಟ್ಟಿದ್ದಳು. ಡಿಪೋದವರು ಅವಳ ಬಸ್ಸನ್ನು ಇನ್ನೊಬ್ಬನಿಗೆ ಕೊಟ್ಟು ಅವಳನ್ನು ವಿಚಾರಣೆ ಕೌಂಟರಿಗೆ ಹಾಕಿದ್ದರು. ಬೇರೆಯವರು ಓಡಿಸುವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಗಾಜಿನ ಹಿಂದೆ ಕೂತು ಹೇಳುವ ಕೆಲಸ. ಈ ಸಲವೂ ಕೈ ಎತ್ತಿದರೆ ಸ್ಟೀರಿಂಗಿನ ಋಣ ಮುಗಿದಂತೆಯೇ.

ಮತ್ತೆ ಬಸ್ಸು ಹತ್ತುತ್ತೇನೆಂದು ಅವಳು ಹಟ ಹಿಡಿದ ದಿನವೇ ಗಂಡ ಹೊಲಿಗೆ ಅಂಗಡಿಯಿಂದ ಬರುತ್ತ ಆ ಡಬ್ಬಿ ತಂದಿದ್ದ.

"ನೋಡೇ, ಆಂಟಿ ಆಕ್ಸಿಡೆಂಟ್ ಅಂತ ಇದರ ಮೇಲೇ ಬರೆದಿದೆ. ನುಂಗಿ ಹೋದ್ರೆ ಆಕ್ಸಿಡೆಂಟ್ ಆಗಲ್ಲ."

"ನುಂಗಬೇಕಾದ್ದು ನಾನೋ, ಎದುರಿಗೆ ಬರೋ ಲಾರಿಯವನೋ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ. ಇಷ್ಟು ವರ್ಷ ಪ್ರತಿ ಸಂಜೆ ಇವನು ಬಾಗಿಲು ನೋಡುತ್ತ ಕೂತಿದ್ದುದು ಊಟಕ್ಕಲ್ಲ ಎಂದು ಆಗ ಹೊಳೆದು, ಅವಳ ನಗು ಅರ್ಧಕ್ಕೇ ನಿಂತಿತು. ಆದರೂ ಮಾತು ಹೊಟ್ಟೆಯಲ್ಲಿ ನಿಲ್ಲದೆ ಕ್ಯಾಂಟೀನಿನಲ್ಲಿ ಹೇಳಿಬಿಟ್ಟಳು. "ಆಂಟಿ ಆಕ್ಸಿಡೆಂಟ್ ಬಂದ್ರು, ಜಾಗ ಬಿಡ್ರೋ!" ಎಂದು ಅಂದಿನಿಂದ ಡಿಪೋ ಪೂರ್ತಿ ಅದೇ ಹೆಸರು. ಅವಳಿಗೆ ಸಿಟ್ಟು ಬರುತ್ತಿದ್ದುದು 'ಆಂಟಿ' ಅಂದದ್ದಕ್ಕೆ ಮಾತ್ರ.

ಡಬ್ಬಿ ತೋರಿಸಿದಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಇದರಲ್ಲಿರೋದು ಆಕ್ಸಿಜನ್ನಿನ 'ಆಕ್ಸಿ', ರಸ್ತೆ ಅಪಘಾತದ್ದಲ್ಲಮ್ಮ. ಎಂಜಿನ್ ಥರಾನೇ, ಮೈ ದುಡಿದಾಗ ಒಳಗೆ ಒಂಚೂರು ಮಸಿ ಕಟ್ಟುತ್ತೆ ಅಂದ್ಕೊಳ್ಳಿ. ದಿನಾ ನಡೆದ್ರೆ ಆ ಮಸಿ ಒರೆಸೋದನ್ನ ಮೈ ತಾನೇ ಕಲಿಯುತ್ತೆ. ಸೊಪ್ಪು, ಹಣ್ಣು, ಕಾಳು ಅದಕ್ಕೆ ಒತ್ತಾಸೆ. ಮಾತ್ರೆ ಸುರಿದ್ರೆ ಮೈಗೆ ಕಲಿಯೋ ದರ್ದೇ ಇರಲ್ಲ."

ಈ ವಯಸ್ಸಿನಲ್ಲಿ ಮೈ ಕಲಿಯುವುದು ನೋಯುವುದನ್ನಷ್ಟೇ ಎಂದುಕೊಂಡಿದ್ದವಳಿಗೆ ಆ ಮಾತು ಬಲು ಹಿಡಿಸಿತು. ಮರುದಿನವೇ ಡಿಪೋ ಹಿಂದಿನ ಏರು ಹತ್ತತೊಡಗಿದಳು. ಬುತ್ತಿಯಲ್ಲಿ ಪಾಲಕ್, ಬೀಟ್‌ರೂಟ್, ಕೆಂಪು ಕೋಸು, ನೆನೆಸಿದ ಕಾಳು. "ಮದುವೆ ಆಗಿದೀನೋ ಮೇಕೆ ಸಾಕಿದೀನೋ," ಎಂದು ಗೊಣಗುತ್ತಲೇ ಗಂಡ ಸೊಪ್ಪು ಸೋಸಿಕೊಟ್ಟ. ಮೊದಮೊದಲು ಅರ್ಧ ಏರಿಗೇ ಕೂರುತ್ತಿದ್ದವಳು, ಮಳೆಗಾಲ ಮುಗಿಯುವ ಹೊತ್ತಿಗೆ ಮೇಲೆ ಹೋಗಿ ನಿಂತು ಬೆವರು ಒರೆಸಿಕೊಳ್ಳುವಂತಾದಳು.

ಈಗ ಪಟ್ಟಿ ಇನ್ನೂ ಮೇಲೇರಿತು. ಎದೆ ಬಡಿದುಕೊಳ್ಳುತ್ತಿತ್ತು, ಆದರೆ ಹೆದರಿ ಅಲ್ಲ. ಅವಳು ಕೈ ಎತ್ತಲಿಲ್ಲ. ಪರೀಕ್ಷೆಯ ಹೊತ್ತು ಮುಗಿದು ಯಂತ್ರವೇ ನಿಂತಿತು.

"ಹೋಗಿ, ಬಸ್ ಹತ್ತಿ," ಎಂದರು ಡಾಕ್ಟರಮ್ಮ.

ಆ ಸೋಮವಾರದ ಮೊದಲ ಟ್ರಿಪ್ಪಿಗೆ ನಿಲ್ದಾಣದಲ್ಲಿ ಗಂಡ ನಿಂತಿದ್ದ, ಇಸ್ತ್ರಿ ಹಾಕಿದ ಅಂಗಿಯಲ್ಲಿ.

"ಎಲ್ಲಿಗೆ ಸವಾರಿ?"

"ಎಲ್ಲಿಗೂ ಇಲ್ಲ. ನೀನು ಎಲ್ಲಿಗೆ ಹೋಗ್ತೀಯೋ ಅಲ್ಲಿಗೆ." ಮುಂದಿನ ಸೀಟಿನಲ್ಲಿ ಕೂತು ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. "ಮಾತ್ರೆ ನುಂಗಿದ್ಯಾ?"

"ಇಲ್ಲ. ಇಳಿಯೋದಾದ್ರೆ ಈಗಲೇ ಇಳೀರಿ."

"ಹೊರಡೇ, ಹೊತ್ತಾಯ್ತು."

ಅವಳು ಗೇರ್ ಹಾಕಿದಳು. ಮಾರುಕಟ್ಟೆಯ ಇಕ್ಕಟ್ಟು, ಶಾಲೆಯ ತಿರುವು, ಆಮೇಲೆ ಸೇತುವೆಯ ಇಳಿಜಾರು. ಅಲ್ಲಿ ದಾರಿ ತೆರವಾದಾಗ ಕನ್ನಡಿಯತ್ತ ಕಣ್ಣು ಹಾಯಿಸಿದಳು. ಗಂಡ ಪಕ್ಕದ ಪ್ರಯಾಣಿಕನ ಹೆಗಲಿಗೆ ತಲೆ ಒರಗಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದ.